ಕೇಳುವ ಬಗೆ

ಬೆಂಗಳೂರಿನ ಆರ್‌ಪಿಸಿ ಲೇಔಟ್‌ನ ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಹಳೆಯ ಕಂಪ್ಯೂಟರಿಗೆ ಮೊಮ್ಮಗ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಟ್ಟ. ಮೇಷ್ಟ್ರಿಗೆ ರೂಢಿಯಿದ್ದ, ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸ ಅದರಲ್ಲೂ ಇದೆ, ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ. ಆದರೆ 20 ವರ್ಷ ಹಿಂದಿನ ಲೇಖನ ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! "ಪುಕ್ಕಟೆ ಸಾಮಾನು, ಇನ್ನೇನಾದೀತು" ಎಂದು ಗೊಣಗಿದರು.

ತಪ್ಪು ಲಿನಕ್ಸ್‌ನದಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟು ಇಲ್ಲದಿದ್ದರೆ ವೇಷ ಕಳಚುತ್ತದೆ. ಈಗಿನ ಯೂನಿಕೋಡ್ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳಿವೆ. ಹಳತನ್ನು ಅದಕ್ಕೆ ತಿರುಗಿಸುವ ಪರಿವರ್ತಕಗಳನ್ನು ನಮ್ಮವರೇ ಬರೆದು ಹಂಚಿದ್ದಾರೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಹೀಗೇ ಬಂದವು. ಹೆಸರು ಎಷ್ಟು ಚೆಂದ, ನೋಡಿ!

ಇವನ್ನೆಲ್ಲ ಬರೆದು ಹಂಚುವವರ ಹತ್ತಿರ ಸಹಾಯ ಕೇಳುವುದು ಹೇಗೆ? ಸಂಬಳದ ಸಿಬ್ಬಂದಿಯಿಲ್ಲ, ಉತ್ತರಿಸುವವರು ಆಫೀಸು ಮುಗಿಸಿ ಬಂದು ಕೂತವರು. "ಕೆಲಸ ಮಾಡ್ತಿಲ್ಲ" ಎಂದಷ್ಟೇ ಬರೆದರೆ, ಡಾಕ್ಟರ ಮುಂದೆ "ಹುಷಾರಿಲ್ಲ" ಎಂದು ಬಾಯಿ ಮುಚ್ಚಿ ಕೂತ ಹಾಗೆ. ಯಾವ ಆವೃತ್ತಿ, ಯಾವ ಫಾಂಟು, ಏನು ಒತ್ತಿದಾಗ ಏನಾಯಿತು, ಇಷ್ಟಾದರೂ ಬೇಕು.

ಮೇಷ್ಟ್ರು ಹಾಗೆಯೇ ಬರೆದು ಕೇಳಿದರು. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು. ಲೇಖನ ಸರಿಯಾಯಿತು, ಒಂದೆರಡು ಅರ್ಕಾವೊತ್ತು ಮಾತ್ರ ಹಠ ಹಿಡಿದವು. ಇಂಥ ತಂತ್ರಾಂಶಗಳ ಕೈಪಿಡಿ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಹಾಗಾಗಿ ಮೇಷ್ಟ್ರು ತಾವು ಮಾಡಿದ್ದನ್ನೆಲ್ಲ ಕನ್ನಡದಲ್ಲಿ, ಹಂತ ಹಂತವಾಗಿ, ಎರಡು ಹಾಳೆಯಲ್ಲಿ ಬರೆದರು. ಅದರ ಜೆರಾಕ್ಸ್ ಈಗ ಅವರ ವಾಕಿಂಗ್ ಗೆಳೆಯರ ಕೈಯಲ್ಲಿ ಓಡಾಡುತ್ತಿದೆ. ನನಗೆ ಸಿಕ್ಕ ಪ್ರತಿಯಲ್ಲಿ ಮೂರನೆಯ ಹಂತದ ಮೇಲೆ ಕಾಫಿ ಕಲೆ.