ಹುಟ್ಟಿಲ್ಲದ ದೋಣಿ
(ದಶಾಶ್ವಮೇಧ ಘಾಟ್‌ನಲ್ಲಿ ಸೇರಿದ್ದ ಸದಸ್ಯರು ಹಾಗೂ ದಾನಿಗಳ ಮುಂದೆ ಆಡಿದ ಮಾತುಗಳು)

ಕಾಶಿಯ ಕನ್ನಡ ಬಂಧುಗಳೇ, ಊರಿನಿಂದ ಯಾತ್ರೆಗೆ ಬಂದಿರುವ ಹಿರಿಯರೇ,

ಗಂಗಾರತಿಯ ಗಂಟೆ ಶುರುವಾದರೆ ನನ್ನ ಮಾತು ಯಾರಿಗೂ ಕೇಳಿಸದು. ಅಷ್ಟರೊಳಗೆ ಮುಗಿಸುತ್ತೇನೆ.

ನೆರವಿನ ಅರ್ಜಿಯಲ್ಲಿ ‘ಕ್ಯಾಪ್ಸೂಲ್ ಎಂಡೋಸ್ಕೋಪಿ’ ಎಂದು ಕಂಡರೆ, ಒಂದು ಗುಳಿಗೆಗೆ ಇಷ್ಟು ದುಡ್ಡೇ ಎಂದು ಕೆಲವರು ಕೇಳುತ್ತೀರಿ. ಕೇಳಬೇಕಾದದ್ದೇ. ರೋಗಿಗೆ ಮಲ ಕಪ್ಪಗೆ ಹೋಗುತ್ತಿರುತ್ತದೆ, ರಕ್ತ ಕೊಟ್ಟಷ್ಟೂ ಸಾಲದು. ಬಾಯಿಂದ ಹಾಕಿದ ಕೊಳವೆಗೂ ಕೆಳಗಿನಿಂದ ಹಾಕಿದ ಕೊಳವೆಗೂ ಏನೂ ಕಂಡಿರುವುದಿಲ್ಲ. ಉಳಿದದ್ದು ನಡುವಿನ ಸುಮಾರು 6 ಮೀಟರ್ ಸಣ್ಣ ಕರುಳು. ಅಲ್ಲಿಗೆ ಹೋಗುವ ಕ್ಯಾಮೆರಾ ಇದು. ಇಸ್ರೇಲಿನ ಎಂಜಿನಿಯರ್ ಗವ್ರಿಯೆಲ್ ಇದ್ದಾನ್ ಅವರ ಕಲ್ಪನೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಉದ್ದ 26 ಮಿಲಿಮೀಟರ್, ದಪ್ಪ 11. ಸೆಕೆಂಡಿಗೆ 2 ಚಿತ್ರದಂತೆ ಸುಮಾರು 8 ಗಂಟೆ ತೆಗೆದು, ಕೊನೆಗೆ ಮಲದ ಜೊತೆ ಹೊರಬೀಳುತ್ತದೆ.

ಆದರೆ ಅದು ಹುಟ್ಟಿಲ್ಲದ ದೋಣಿ. ಕರುಳು ತಳ್ಳಿದತ್ತ ಹೋಗುತ್ತದೆ. ಹುಣ್ಣು ಕಂಡರೂ ನಿಲ್ಲದು, ಹಿಂದಿರುಗಿ ನೋಡದು. ಅದಕ್ಕೇ ಹೊರಗಿನಿಂದ ಅಯಸ್ಕಾಂತ ಹಿಡಿದು ನಡೆಸುವ ಕ್ಯಾಪ್ಸೂಲ್ ಬಂದಿದೆ. 2020ರಲ್ಲಿ ಅಮೆರಿಕ ಅದನ್ನೂ ಒಪ್ಪಿತು. ನೀರು ತುಂಬಿದ ಜಠರದಲ್ಲಿ ಅದು ಹೇಳಿದಂತೆ ತಿರುಗುತ್ತದೆ. ಸಣ್ಣ ಕರುಳಿನ ಇಕ್ಕಟ್ಟಿನ ಮಡಿಕೆಗಳಲ್ಲಿ ಹಾಗೆ ಆಡಿಸುವುದು ಕಷ್ಟ. ಜಠರ ನೋಡಲು ಮಾಮೂಲಿ ಎಂಡೋಸ್ಕೋಪಿ ಇದೆ, ತುಣುಕು ತೆಗೆಯಲೂ ಬರುತ್ತದೆ. ಹಾಗಾಗಿ ನಮ್ಮ ನಿಧಿ ಸದ್ಯಕ್ಕೆ ಅಯಸ್ಕಾಂತದ ಹಿಂದೆ ಹೋಗಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ನನಗಿರುವ ಚಿಂತೆ ಬೇರೆ. ಕರುಳಿನ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ. ಕ್ಷಯದಿಂದ ಕರುಳು ಕಿರಿದಾಗಿದ್ದರೆ ಗುಳಿಗೆ ಅಲ್ಲೇ ಸಿಕ್ಕಿಕೊಳ್ಳಬಹುದು, ತೆಗೆಯಲು ಆಪರೇಷನ್ನೇ ಬೇಕಾಗಬಹುದು. ಸಂಶಯವಿದ್ದವರಿಗೆ ಮೊದಲು ಸ್ಕ್ಯಾನ್ ಆಗಬೇಕು, ಇಲ್ಲವೇ ಸಿಕ್ಕಿಕೊಂಡರೂ ಕರಗುವ ಪರೀಕ್ಷಾ ಗುಳಿಗೆ ಕೊಡಬೇಕು. ಬಡವರು ದುಡ್ಡು ಉಳಿಸಲು ನೋಡುವುದು ಇಲ್ಲೇ. ಅದಕ್ಕೆ ನಿಮ್ಮಲ್ಲಿ ಕೇಳುವುದಿಷ್ಟು: ಗುಳಿಗೆಗೆ ಕೊಡುವಾಗ ಮುಂಚಿನ ಸ್ಕ್ಯಾನಿಗೂ ಸೇರಿಸಿ ಕೊಡಿ.

ಇನ್ನೊಂದು, ಇದಕ್ಕೆ ಕಾಸು ಬೇಡ. ಹಿಂದಿ ಬಾರದ ನಮ್ಮವರ ಜೊತೆ ಆಸ್ಪತ್ರೆಗೆ ಒಬ್ಬರು ಬನ್ನಿ. ಊಟವಾದ ಮೇಲೆ ಹೊಟ್ಟೆ ನುಲಿಯುತ್ತದೆಯೇ, ಹಿಂದೆ ಟಿಬಿ ಆಗಿತ್ತೇ, ಹೊಟ್ಟೆಯ ಆಪರೇಷನ್ ಆಗಿದೆಯೇ ಎಂದು ಅಜ್ಜಿಯನ್ನು ಕನ್ನಡದಲ್ಲಿ ಕೇಳಿ, ಡಾಕ್ಟರಿಗೆ ಹಿಂದಿಯಲ್ಲಿ ಹೇಳಿ. ಗುಳಿಗೆ ಹೊರಬಿದ್ದದ್ದು ಖಾತ್ರಿಯಾಗುವವರೆಗೆ ಎಂಆರ್‌ಐ ಮಾಡಿಸಬಾರದು ಎಂಬುದನ್ನೂ ಮನೆಯವರಿಗೆ ತಿಳಿಸಿ. ಬರುವವರು ಈಗಲೇ ಮೆಟ್ಟಿಲ ಬಳಿಯ ಮೇಜಿನಲ್ಲಿ ಹೆಸರು ಬರೆಸಿ.