ಮನಸ್ಸಿನ ಕಾಯಿಲೆಗೂ ಊರಿನಲ್ಲೇ ಆರೈಕೆ

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಮನುಷ್ಯರ ಮನಸ್ಸಿನ ಬಗ್ಗೆ ಮಾತಾಡುತ್ತಾನೆಂದು ನಗಬೇಡಿ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ನಾನು ಹೋದ ಒಂದು ಮನೆಯಲ್ಲಿ ಕರೆಯುವ ಹಸು ಎರಡೂ ಸತ್ತಿದ್ದವು. ಯಜಮಾನರು ಖಾಲಿ ಕೊಟ್ಟಿಗೆಯಲ್ಲೇ ಕುಳಿತಿದ್ದರು. ಉಳಿದ ಕರುವಿಗೆ ಇಂಜೆಕ್ಷನ್ ಕೊಟ್ಟು, ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಂದೆ. "ರಾತ್ರಿ ನಿದ್ದೆ ಬರುತ್ತದೆಯೇ?" ಎಂದು ಕೇಳಲಿಲ್ಲ. ಕೇಳಬೇಕೆಂದೇ ನನಗೆ ತಿಳಿದಿರಲಿಲ್ಲ. ತಿಂಗಳೊಳಗೆ ಅವರು ಪ್ರಾಣ ಕಳೆದುಕೊಳ್ಳಲು ಹೋದರು. ಪಕ್ಕದ ಮನೆಯವರು ನೋಡಿದ್ದರಿಂದ ಉಳಿದರು.

ಹಳ್ಳಿಹಳ್ಳಿಗೆ ಮನೋವೈದ್ಯರನ್ನು ಎಲ್ಲಿಂದ ತರುವುದು? ಈ ಪ್ರಶ್ನೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಉತ್ತರ ಹುಡುಕಿತು. 1970ರ ದಶಕದಲ್ಲಿ ಬೆಂಗಳೂರು ಸಮೀಪದ ಸಕಲವಾರದಲ್ಲಿ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡತೊಡಗಿದರು. 1985ರ ಹೊತ್ತಿಗೆ ಇದನ್ನು ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿದರು. ಕಾರ್ಯಕರ್ತರು ಮನೆಗೆ ಹೋದಾಗ ರೋಗಿಗಳನ್ನು ಗುರುತಿಸುವುದು, ಅವರು ಮಾತ್ರೆ ಬಿಡದಂತೆ ನೋಡಿಕೊಳ್ಳುವುದು. ಆರೋಗ್ಯ ಕೇಂದ್ರದ ವೈದ್ಯರು ಮುಖ್ಯವಾದ ಕೆಲವೇ ಔಷಧಿ ಕೊಡುವುದು. ಕೈಮೀರಿದವರನ್ನು ಮಾತ್ರ ಮೇಲಿನ ಆಸ್ಪತ್ರೆಗೆ ಕಳಿಸುವುದು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿಯೇ ಮಾದರಿ.

ನಿಮಗೆ ಇದು ಹೊಸದಲ್ಲ. ಸಂಘದ ಹುಡುಗ ತರಬೇತಿ ಪಡೆದು ಕೃತಕ ಗರ್ಭಧಾರಣೆ, ಪ್ರಥಮ ಚಿಕಿತ್ಸೆ ಮಾಡುತ್ತಾನೆ. ಕರು ಅಡ್ಡ ಸಿಕ್ಕಿಕೊಂಡರೆ ನನ್ನನ್ನು ಕರೆಸುತ್ತಾನೆ. (ಕರೆಸದೆ ತಾವೇ ಕೈಹಾಕಿದವರೂ ಉಂಟು, ಅದು ಬೇರೆ ಕಥೆ.) ಆದರೆ ಒಮ್ಮೆ ತರಬೇತಿ ಕೊಟ್ಟು ಮರೆತುಬಿಟ್ಟರೆ ಅಲ್ಲೂ ಇಲ್ಲೂ ಕೆಲಸ ಕೆಡುತ್ತದೆ. ಮೇಲಿನವರು ಆಗಾಗ ಬಂದು ವಿಚಾರಿಸಬೇಕು, ಮಾತ್ರೆ ದಾಸ್ತಾನಿರಬೇಕು.

ಊರಿನಲ್ಲಿ ಯಾರ ಮನೆಯಲ್ಲಿ ಕಷ್ಟವಿದೆಯೆಂದು ಮೊದಲು ತಿಳಿಯುವುದು ಸಂಘದ ಕಾರ್ಯದರ್ಶಿಗೆ. ಎರಡು ಹೊತ್ತೂ ಹಾಲು ಹಾಕುತ್ತಿದ್ದವರು ಬರದಿದ್ದರೆ ಹೋಗಿ ವಿಚಾರಿಸಿ. ನಿದ್ದೆ, ಊಟ, ಕೆಲಸದ ಆಸಕ್ತಿ ಎರಡು ವಾರದಿಂದ ಕೆಟ್ಟಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳುವಳಿಕೆ. ಹೌದೆಂದರೆ ಅವರೊಬ್ಬರನ್ನೇ ಬಿಡಬೇಡಿ, ಕೀಟನಾಶಕದ ಡಬ್ಬಿ ಮನೆಯಲ್ಲಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಕಾರ್ಯದರ್ಶಿಗಳು ಹಾಲಿನ ದರ ಬರೆಯುವ ಹಲಗೆಯ ಮೇಲೆ ಈ ಸಂಖ್ಯೆಯನ್ನೂ ನಾಳೆಯೇ ಬರೆಯಬೇಕೆಂದು ಕೋರುತ್ತೇನೆ.