ಕನ್ನಡಕ ಕೊಡು, ಕೇಳಿಸ್ತಿಲ್ಲ



ನಮ್ಮಜ್ಜಿಗೆ ಕಿವಿ ಮಂದ. ಯಾರಾದರೂ ಎದುರು ಕೂತು ಮಾತು ತೆಗೆದರೆ ಅವಳ ಕೈ ಗೋಡೆಗೂಡಿನತ್ತ ಹೋಗುತ್ತಿತ್ತು. “ತಡಿ ಮಗಾ, ಕನ್ನಡಕ ಕೊಡು, ನೀ ಹೇಳೋದು ಕೇಳಿಸ್ತಿಲ್ಲ” ಎನ್ನುತ್ತಿದ್ದಳು. ಮನೆಮಂದಿಯೆಲ್ಲ ನಗುತ್ತಿದ್ದೆವು. ಅವಳು ಹೇಳಿದ್ದು ಅಕ್ಷರಶಃ ನಿಜವೆಂದು ನನಗೆ ಹೊಳೆದದ್ದು ಕಾಲೇಜಿಗೆ ಬಂದ ಮೇಲೆ, ಹ್ಯಾರಿ ಮೆಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ 1976ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದಾಗ. ಪರದೆಯ ಮೇಲಿನ ಬಾಯಿ ‘ಗ’ ಎನ್ನುತ್ತದೆ, ಜೋಡಿಸಿದ ಧ್ವನಿ ‘ಬ’ ಎನ್ನುತ್ತದೆ. ನೋಡುತ್ತ ಕೇಳಿದ ಬಹಳಷ್ಟು ಮಂದಿಗೆ ಕೇಳಿಸುವುದು ‘ಡ’. ಕಣ್ಣು ಮುಚ್ಚಿಕೊಂಡರೆ ಮತ್ತೆ ‘ಬ’. ‘ಬ’ ಎನ್ನಲು ತುಟಿ ಮುಚ್ಚಲೇಬೇಕು. ಮುಚ್ಚಿದ್ದನ್ನು ಕಣ್ಣು ಕಾಣಲಿಲ್ಲ. ಹಾಗಾಗಿ ಎರಡೂ ಸಾಕ್ಷ್ಯಗಳಿಗೆ ಒಗ್ಗುವ ಅಕ್ಷರವೊಂದನ್ನು ಮಿದುಳು ತಾನೇ ಹುಡುಕಿಕೊಂಡಿತು. ಗುಟ್ಟು ಗೊತ್ತಿದ್ದವರಿಗೂ ಹಾಗೆಯೇ ಕೇಳಿಸುತ್ತದೆ.

ಈ ಕೂಡಿಕೆಯ ಜಾಡನ್ನು ಬ್ಯಾರಿ ಸ್ಟೈನ್ ಮತ್ತು ಅಲೆಕ್ಸ್ ಮೆರೆಡಿತ್ ಬೆಕ್ಕಿನ ನಡುಮಿದುಳಿನಲ್ಲಿ ಹಿಡಿದರು. ಮಂದ ಬೆಳಕಿಗೂ ಮೆಲುಸದ್ದಿಗೂ ಬೇರೆಬೇರೆಯಾಗಿ ಅಷ್ಟಕ್ಕಷ್ಟೇ ಸ್ಪಂದಿಸುವ ನರಕೋಶ, ಎರಡೂ ಒಂದೇ ಕಡೆಯಿಂದ ಒಟ್ಟೊಟ್ಟಿಗೆ ಬಂದಾಗ ಅವುಗಳ ಮೊತ್ತವನ್ನೂ ಮೀರಿ ಸ್ಪಂದಿಸಬಲ್ಲದು.

ಇಂದ್ರಿಯಗಳ ನಡುವಿನ ಈ ಹೊಂದಾಣಿಕೆ ಹುಟ್ಟಿನಿಂದಲೇ ಬರುತ್ತದೆಯೇ? ಡಬ್ಲಿನ್ನಿನ ವಿಲಿಯಂ ಮಾಲಿನೊ 1688ರಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಬರೆದು ಕೇಳಿದ್ದು ಇದನ್ನೇ: ಹುಟ್ಟುಕುರುಡನಿಗೆ ದೃಷ್ಟಿ ಬಂದರೆ, ಮುಟ್ಟಿ ತಿಳಿದಿದ್ದ ಗೋಳವನ್ನೂ ಘನವನ್ನೂ ಅವನು ಬರೀ ನೋಡಿ ಬೇರ್ಪಡಿಸಿಯಾನೇ? ಮೂರು ಶತಮಾನ ಕಳೆದ ಮೇಲೆ ಉತ್ತರದ ಒಂದು ದೊಡ್ಡ ಪಾಲು ನಮ್ಮ ದೇಶದ ಮಕ್ಕಳಿಂದ ಬಂತು. ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ತಂಡ 2011ರಲ್ಲಿ ಐವರ ಫಲಿತಾಂಶ ಪ್ರಕಟಿಸಿತು. ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ, 8ರಿಂದ 17 ವರ್ಷದವರು. ಕಂಡದ್ದನ್ನು ಕಂಡದ್ದರೊಡನೆ, ಮುಟ್ಟಿದ್ದನ್ನು ಮುಟ್ಟಿದ್ದರೊಡನೆ ಸಲೀಸಾಗಿ ಹೊಂದಿಸಿದರು. ಈಗಷ್ಟೇ ಬೆರಳಾಡಿಸಿದ ವಸ್ತುವನ್ನು ನೋಡಿ ಗುರುತಿಸಿ ಎಂದಾಗ ಮಾತ್ರ ಹೆಚ್ಚುಕಡಿಮೆ ಊಹೆಗೆ ಬಿದ್ದರು. ಕೆಲವೇ ದಿನ ಬಿಟ್ಟು ಮತ್ತೆ ಪರೀಕ್ಷಿಸಿದವರಲ್ಲಿ, ಯಾರ ತರಬೇತಿಯೂ ಇಲ್ಲದೆ, ಆ ಸೇತುವೆ ಕಟ್ಟತೊಡಗಿತ್ತು! ಈ ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಮುಚ್ಚಿತೆಂದು ನಾವು ಕೈಬಿಡುವ ಬಾಗಿಲು ಆ ವಯಸ್ಸಿನಲ್ಲೂ ತೆರೆದಿತ್ತು.

ಇಂದ್ರಿಯಗಳು ಹೀಗೆ ಕೂಡಿ ಕೆಲಸ ಮಾಡಿದರೂ, ನಮ್ಮ ಆಸ್ಪತ್ರೆಗಳಲ್ಲಿ ಕಣ್ಣಿಗೊಂದು ಚೀಟಿ, ಕಿವಿಗೊಂದು ಚೀಟಿ. ಮಾತು ಗ್ರಹಿಸುವ ಪರೀಕ್ಷೆಯಲ್ಲಿ ಬಾಯಿ ಮರೆಮಾಡುತ್ತೇವೆ. ಕಿವಿಯೊಂದನ್ನೇ ಅಳೆಯಲು ಅದು ಬೇಕು, ಸರಿ. ಆದರೆ ಪರೀಕ್ಷೆಗೆ ಬಂದ ಹಿರಿಯರು ಮನೆಗೆ ಹೋಗಿ ಕೇಳುವುದು ಕಿವಿಯೊಂದರಿಂದಲೇ ಅಲ್ಲ. ಇಂದು ಮಧ್ಯಾಹ್ನ ಇಲ್ಲಿ ರೋಗಿಗಳ ಪ್ರಕರಣಗಳನ್ನು ಮಂಡಿಸುವ ವೈದ್ಯಮಿತ್ರರಲ್ಲಿ ಒಂದೇ ಕೋರಿಕೆ: ಮುಖ ನೋಡುತ್ತ ಕೇಳಿದಾಗ ರೋಗಿಗೆ ಎಷ್ಟು ತಿಳಿಯಿತು, ಆಗ ಕನ್ನಡಕ ಹಾಕಿದ್ದರೇ ಎಂಬುದನ್ನೂ ಹೇಳಿ. ಬರೆದುಕೊಂಡಿಲ್ಲದಿದ್ದರೆ ಹಾಗೆಂದೇ ಹೇಳಿ. ಚರ್ಚೆ ಅಲ್ಲಿಂದಲೇ ಶುರುವಾಗಲಿ.